ಪಕ್ಕೀರಪ್ಪನವರ ಎಂಟು ಕಿಲೋ ತಡೆಹಿಡಿದಿದ್ದರ ಕುರಿತು

ಹಸಿವು, ತೃಪ್ತಿ ಮತ್ತು ಕೊಬ್ಬು ದಾಸ್ತಾನು ಇಲಾಖೆ
ಕೇಂದ್ರ ಕಚೇರಿ: ಮಿದುಳಿನ ಬುಡ, ಎರಡೂ ಕಣ್ಣುಗಳ ಹಿಂದೆ, ಹುಣಸೆ ಬೀಜಕ್ಕಿಂತ ತುಸು ದೊಡ್ಡ ಜಾಗ (ಸ್ವಂತ ಕಟ್ಟಡವಿಲ್ಲ)

ಸಂಖ್ಯೆ: ಹತೃಕೊ/ಪಕ್ಕೀ/ತೂಕ/೮/೪೬ನೇ ವರ್ಷ

ವಿಷಯ: ಶ್ರೀ ಪಕ್ಕೀರಪ್ಪನವರ ಶರೀರದಿಂದ ಎಂಟು ಕಿಲೋ ತೂಕ ಹೊರಹೋಗದಂತೆ ತಡೆಯಲು ಕಾಲಕಾಲಕ್ಕೆ ಹೊರಡಿಸಿದ್ದ ನಿಯಮಗಳನ್ನು ಒಂದೆಡೆ ಸೇರಿಸಿ, ಅವುಗಳಿಂದಾದ ಅನಾಹುತವನ್ನು ಒಪ್ಪಿಕೊಳ್ಳುವ ಬಗ್ಗೆ.

ಉಲ್ಲೇಖ:
೧) ಸದರಿಯವರ ಐದನೇ ವಯಸ್ಸಿನಲ್ಲಿ ಬಾಯಿಮಾತಿನಲ್ಲಿ ಹೊರಟ ಕಾಯಂ ಆದೇಶ (ಕಡತವಿಲ್ಲ, ನೆನಪಿದೆ).
೨) ಹೊಟ್ಟೆಯ ಅರ್ಜಿಗಳು, ದಿನವೊಂದಕ್ಕೆ ಹನ್ನೊಂದರಂತೆ.
೩) ಕೊಬ್ಬು ಶಾಖೆಯ ದಿನವಹಿ ವರದಿ.
೪) ಮೇಲಿನ ಮಹಡಿಯ ಟಿಪ್ಪಣಿ (ಓದಲಾಗಿಲ್ಲ).

ಪೀಠಿಕೆ

ಸಂಕ್ರಾಂತಿ ಕಳೆದು ಎಂಟನೆಯ ದಿನ, ಹೊಲದಲ್ಲಿ ಜೋಳದ ತೆನೆ ಹಾಲು ತುಂಬುವ ಕಾಲ, ಬೆಳಗಿನ ಹತ್ತೂ ಇಪ್ಪತ್ತು. ಯಶವಂತನಗರದ ಹತ್ತಿರದ ಒಂದು ಗಣಿ ಕಂಪನಿಯಲ್ಲಿ ಲಾರಿ ತೂಗುವ ಕಾಟಾದ ಗುಮಾಸ್ತರಾದ, ಮಲಪನಗುಡಿ ವಾಸಿ ಶ್ರೀ ಪಕ್ಕೀರಪ್ಪ, ವಯಸ್ಸು ನಲವತ್ತಾರು, ತೂಕ ಎಂಬತ್ತೊಂಬತ್ತು ಕಿಲೋ, ಎಂದಿನಂತೆ ಮಂಡಕ್ಕಿ ಒಗ್ಗರಣೆಯ ಪೊಟ್ಟಣ ಬಿಚ್ಚಬೇಕಾಗಿದ್ದ ಸಮಯ. ಹೊಟ್ಟೆ ಅಷ್ಟರಲ್ಲಿ ಅರ್ಜಿ ಬರೆದು, ಸಹಿ ಹಾಕಿ, ಬಾಗಿಲಲ್ಲಿ ಕಾದು ನಿಂತಿತ್ತು. ಬಂದದ್ದು ಒಂದು ಸೌತೆಕಾಯಿ.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹತ್ತೂ ಇಪ್ಪತ್ತಕ್ಕೆ ಸೌತೆಕಾಯಿ ಬಂದ ನಿದರ್ಶನ ಇಲ್ಲದಿರುವುದರಿಂದ, ಸದರಿ ಘಟನೆಯನ್ನು ಬರಗಾಲವೆಂದು ಪರಿಗಣಿಸಿ, ಅದೇ ಗಳಿಗೆಯಲ್ಲಿ ತುರ್ತು ಪರಿಸ್ಥಿತಿ ಘೋಷಿಸಲಾಯಿತು.

ನಿಜಸಂಗತಿ ಬೇರೆ ಇತ್ತು. ಅದು ಮೇಲಿನ ಮಹಡಿಗೆ, ಅಂದರೆ ಓದುಬರಹ ಬಲ್ಲ ಮಿದುಳಿಗೆ, ತಿಳಿದಿತ್ತು. ಬುಡದಲ್ಲಿರುವ ಈ ಕಚೇರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಅಷ್ಟೇ, ಈ ಕಚೇರಿಗೆ ಓದಲು ಬರುವುದಿಲ್ಲ, ಮರೆಯಲೂ ಬರುವುದಿಲ್ಲ. ಸಂಗತಿ ಏನೆಂದರೆ, ಪಕ್ಕೀರಪ್ಪನವರ ಅಕ್ಕ, ಕಂಪ್ಲಿಯ ಊರಮ್ಮನವರ ಯಕೃತ್ತು, ಜನ ಲಿವರ್ ಎನ್ನುವುದು, ಒಣಗಿ ಕಲ್ಲಾಗಿತ್ತು. ಇನ್ನೊಬ್ಬರ ಲಿವರಿನ ಒಂದು ಭಾಗ ತೆಗೆದು ಕೂಡಿಸಿದರೆ ಮಾತ್ರ ಆಕೆಯ ಉಳಿವು. ಗಂಡ ಕಾಳಪ್ಪನವರ ರಕ್ತದ ಗುಂಪು ಕೂಡಿಬರಲಿಲ್ಲ. ಮಕ್ಕಳಿಲ್ಲ. ತಮ್ಮನದು ಕೂಡಿತು, ಆದರೆ ತಮ್ಮನ ಲಿವರಿನಲ್ಲಿ ಕೊಬ್ಬು ತುಂಬಿತ್ತು. ಎಂಟು ವಾರದಲ್ಲಿ ಎಂಟು ಕಿಲೋ ಇಳಿದರೆ ಆ ಕೊಬ್ಬೂ ಕರಗುತ್ತದೆ, ಆಗ ತೆಗೆಯಬಹುದು. ಇಳಿಯದಿದ್ದರೆ ಕತ್ತಿ ಮುಟ್ಟುವುದಿಲ್ಲ, ಅಲ್ಲಿಂದ ಮುಂದೆ ಕಾಯುವ ತ್ರಾಣ ಅಕ್ಕನಿಗೂ ಇಲ್ಲ ಎಂದು ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿದ್ದರು.

ಕೊಡುವವನು ತಮ್ಮನೇ ಎಂಬುದನ್ನು ಊರಮ್ಮನವರಿಂದ ಮುಚ್ಚಿಡಲಾಗಿತ್ತು. ತಿಳಿದರೆ ಆಕೆ ಒಪ್ಪುವವರಲ್ಲ ಎಂಬುದು ಪಕ್ಕೀರಪ್ಪನವರಿಗೂ ಗೊತ್ತು, ಹೆಂಡತಿ ಭಾಗ್ಯ ಅವರಿಗೂ ಗೊತ್ತು. ಆಸ್ಪತ್ರೆಯವರೇ ಎಲ್ಲಿಂದಲಾದರೂ ತರುತ್ತಾರಂತೆ ಎಂದು ಹೇಳಿ ಮಾತು ಮುಗಿಸಲಾಗಿತ್ತು.

ಇದ್ಯಾವುದನ್ನೂ ಅರಿಯದೆ, ಒಳ್ಳೆಯದನ್ನೇ ಬಯಸಿ, ಈ ಇಲಾಖೆ ಹೊರಡಿಸಿದ ನಿಯಮಗಳು ಇಂತಿವೆ. ಎಲ್ಲ ಅಂಗಗಳೂ ಇದ್ದ ಜಾಗದಲ್ಲೇ ಕುಳಿತು ಕೇಳಿಕೊಳ್ಳತಕ್ಕದ್ದು.

ಕಲಂ ೧. ಖಾಲಿ ತೂಕ

ಕಾಟಾದಲ್ಲಿ ಒಂದು ಪದ್ಧತಿಯಿದೆ. ಹೊಸ ಟಿಪ್ಪರ್ ಬಂದ ದಿನ ಅದರ ಖಾಲಿ ತೂಕ ತೆಗೆದು ಬಾಗಿಲ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಆಮೇಲೆ ಟಿಪ್ಪರ್ ತುಕ್ಕು ಹಿಡಿದರೂ ಸರಿ, ಡ್ರೈವರ್ ಎರಡು ಸ್ಟೆಪ್ನಿ ಹೇರಿಕೊಂಡರೂ ಸರಿ, ಖಾಲಿ ತೂಕ ಎಂದರೆ ಬಾಗಿಲ ಮೇಲೆ ಬರೆದದ್ದೇ. ಪಕ್ಕೀರಪ್ಪನವರು ಇಪ್ಪತ್ತೆರಡು ವರ್ಷ ಅದನ್ನೇ ನೋಡಿ ನೋಡಿ ನಕಲು ಮಾಡಿದ್ದಾರೆ.

ಇದೇ ಪದ್ಧತಿಯನ್ನು ಈ ಇಲಾಖೆಯೂ ಅನುಸರಿಸತಕ್ಕದ್ದೆಂದು ತೀರ್ಮಾನಿಸಲಾಯಿತು. ಸದರಿಯವರ ಖಾಲಿ ತೂಕ ಎಂಬತ್ತೊಂಬತ್ತು. ಮದುವೆಯಾದಾಗ ಅರವತ್ತೆರಡಿತ್ತಲ್ಲ ಎಂದು ಕನ್ನಡಿ ಎತ್ತಿದ ಆಕ್ಷೇಪಣೆಯನ್ನು, ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿದಾಗಿದೆ ಎಂಬ ಕಾರಣಕ್ಕೆ ವಜಾ ಮಾಡಲಾಗಿದೆ. ಎಂಬತ್ತೊಂಬತ್ತಕ್ಕಿಂತ ಕಡಿಮೆ ಬಂದರೆ ಅದನ್ನು ಇಳಿಕೆ ಎನ್ನತಕ್ಕದ್ದಲ್ಲ. ಕಳವು ಎನ್ನತಕ್ಕದ್ದು.

ಕಲಂ ೨. ಕೊಬ್ಬು ಶಾಖೆಯ ಪತ್ರಗಳು

ಕೊಬ್ಬು ಶಾಖೆಯು ದಿನವೂ "ಸಾಕಷ್ಟು ದಾಸ್ತಾನಿದೆ" ಎಂಬ ಪತ್ರವನ್ನು ರಕ್ತದ ಮೂಲಕ ಕಳಿಸುವುದು ವಾಡಿಕೆ. ದಾಸ್ತಾನು ಹೆಚ್ಚಿದಷ್ಟೂ ಪತ್ರಗಳು ಹೆಚ್ಚು. ಕಳೆದ ಹದಿನೈದು ವರ್ಷದಿಂದ ಅವು ಎಷ್ಟು ಬಂದವೆಂದರೆ, ಒಂದನ್ನೂ ಒಡೆಯದೆ ಬಾಗಿಲ ಸಂದಿಯಲ್ಲಿ ಪೇರಿಸಿಡಲಾಗಿತ್ತು. ಸೌತೆಕಾಯಿ ಬಂದ ಮೂರನೆಯ ದಿನ ಪತ್ರಗಳು ಒಂಚೂರು ಕಡಿಮೆಯಾದವು. ಕೂಡಲೇ ಇಲಾಖೆ ಎದ್ದು ಕುಳಿತಿತು. ಬರುವಾಗ ಓದದ ಪತ್ರ, ಬಾರದಾಗ ಬಲು ಚೆನ್ನಾಗಿ ಓದಿಸಿಕೊಳ್ಳುತ್ತದೆ.

ಕಲಂ ೩. ಹೊಟ್ಟೆಯ ಅರ್ಜಿ ಸಲ್ಲಿಕೆಯ ವೇಳಾಪಟ್ಟಿ

ಹೊಟ್ಟೆಯು ಕೆಳಕಂಡ ಸಮಯಗಳಲ್ಲಿ, ಅಗತ್ಯವಿರಲಿ ಇಲ್ಲದಿರಲಿ, ಗುರುಗುಟ್ಟುವ ಮೂಲಕ ಅರ್ಜಿ ಸಲ್ಲಿಸತಕ್ಕದ್ದು:

ಅ) ಬೆಳಿಗ್ಗೆ ಹತ್ತೂ ಇಪ್ಪತ್ತು.

ಆ) ಸಂಜೆ ಕಂಪನಿ ಬಸ್ಸು ಸಂಡೂರು ದಾಟುವಾಗ, ಬಾಣಲೆಯ ಎಣ್ಣೆ ಕಾದ ವಾಸನೆ ಕಿಟಕಿಯಿಂದ ಒಳಬರುವ ಮೊದಲೇ.

ಇ) ಟಿಪ್ಪರ್ ಡ್ರೈವರ್ ಗಾದಿಲಿಂಗ ಎದುರಾದಾಗ. ಇವನು ಹತ್ತು ವರ್ಷದಿಂದ ಕಾಟಾಕ್ಕೆ ಮಿರ್ಚಿ ತರುವವನಾದ್ದರಿಂದ, ಕೈಯಲ್ಲಿ ಮಿರ್ಚಿ ಇಲ್ಲದಿದ್ದರೂ ಇದೆಯೆಂದೇ ಭಾವಿಸತಕ್ಕದ್ದು.

ಈ) ಗಾದಿಲಿಂಗ ರಜೆಯ ಮೇಲಿದ್ದರೆ, ಅವನ ಟಿಪ್ಪರಿನ ನಂಬರ್ ಪ್ಲೇಟು ಎದುರಾದಾಗ.

ಉ) ಟಿಪ್ಪರ್ ಗ್ಯಾರೇಜಿಗೆ ಹೋಗಿದ್ದರೆ, ಅದೇ ನಂಬರಿನ ಕೊನೆಯ ಎರಡು ಅಂಕಿ ಎಲ್ಲಿ ಕಂಡರೂ. (ಕ್ಯಾಲೆಂಡರಿನಲ್ಲಿ ಕಂಡರೆ ತಿಂಗಳಿಗೊಂದು ಅರ್ಜಿ ಮಾತ್ರ.)

ಕಲಂ ೪. ಶಕ್ತಿ ಉಳಿತಾಯ

ಆದಾಯ ಕಡಿಮೆಯಾದಾಗ ಖರ್ಚು ತಗ್ಗಿಸುವುದು ಸಂಸಾರವಂತರ ಲಕ್ಷಣ. ಆದ್ದರಿಂದ ಕುಳಿತಲ್ಲಿ ಕಾಲು ಕುಣಿಸುವುದನ್ನು ತಕ್ಷಣದಿಂದ ನಿಲ್ಲಿಸಲಾಗಿದೆ. ಮಾತನಾಡುವಾಗ ಬಲಗೈ ಮಾತ್ರ ಆಡಿಸತಕ್ಕದ್ದು, ಅದೂ ಮೊಣಕೈಯಿಂದ ಕೆಳಗೆ. ಸೊಳ್ಳೆಯನ್ನು ಎರಡೂ ಕೈಯಿಂದ ಹೊಡೆಯಲು ಪೂರ್ವಾನುಮತಿ ಬೇಕು. ಅನುಮತಿ ಬರುವವರೆಗೆ ಸೊಳ್ಳೆ ಕಾಯತಕ್ಕದ್ದು. ಕಾಟಾದ ಕೋಣೆಗೆ ಮೂರು ಮೆಟ್ಟಿಲಿದ್ದು, ಪ್ರತಿ ಮೆಟ್ಟಿಲಿಗೂ ಮುಂಚೆ ಒಮ್ಮೆ ನಿಂತು, ಇದು ಬೇಕೇ ಎಂದು ವಿಚಾರ ಮಾಡತಕ್ಕದ್ದು.

ಬೆರಳ ತುದಿಗಳಿಗೆ ಶಾಖ ಸರಬರಾಜು ಕಡಿತಗೊಳಿಸಲಾಗಿದೆ. ಇದರಿಂದ ಫೆಬ್ರವರಿಯ ನಡುಹಗಲು, ಅದಿರು ಧೂಳೂ ಸುಡುವ ಬಿಸಿಲಲ್ಲಿ, ಪಕ್ಕೀರಪ್ಪನವರು ಮಂಕಿ ಟೋಪಿ ಹಾಕಿಕೊಂಡು ಕುಳಿತಿದ್ದನ್ನು ಡ್ರೈವರುಗಳು ಸಾಲಾಗಿ ಬಂದು ನೋಡಿ ಹೋಗಿರುತ್ತಾರೆ. ಟೋಪಿಯ ಬಗ್ಗೆ ಗಾದಿಲಿಂಗ ಆಡಿದ ಮಾತನ್ನು ಕಡತದಲ್ಲಿ ಬರೆಯುವಂತಿಲ್ಲ.

ಕಲಂ ೫. ಮೂಗು ಮತ್ತು ಕನಸು

ಮೂಗಿನ ವ್ಯಾಪ್ತಿಯನ್ನು ಮೂರು ಕಿಲೋಮೀಟರಿಗೆ ವಿಸ್ತರಿಸಲಾಯಿತು. ಮಲಪನಗುಡಿಯ ಮನೆಯಲ್ಲಿ ಕುಳಿತು ಹೊಸಪೇಟೆಯ ಯಾವ ಓಣಿಯಲ್ಲಿ ಶೇಂಗಾ ಹುರಿಯುತ್ತಿದ್ದಾರೆ ಎಂದು ಹೇಳುವ ಮಟ್ಟಿಗೆ ಸದರಿ ಶಾಖೆ ದುಡಿದಿದ್ದು, ಶ್ಲಾಘನೀಯ.

ಕಂಪನಿ ಬಸ್ಸಿನಲ್ಲಿ ತೂಕಡಿಸುವಾಗ ಬೀಳುವ ಕನಸುಗಳಲ್ಲಿ ಇನ್ನು ಮುಂದೆ ಮನುಷ್ಯರು ಬೇಡ, ಅಡುಗೆ ಸಾಕು ಎಂದು ಆದೇಶಿಸಲಾಗಿತ್ತು. ಒಂದು ಸಂಜೆ ಪಕ್ಕೀರಪ್ಪನವರು ನಿದ್ದೆಗಣ್ಣಲ್ಲೇ, ಬಹುವಚನದಲ್ಲಿ, ಇನ್ನೊಂದು ಹಾಕ್ರಿ ಎಂದು ಮುಂದಿನ ಸೀಟಿನವರಿಗೆ ಕೈಯೊಡ್ಡಿದರು. ಮುಂದಿನ ಸೀಟಿನವರು ಟಿಕೆಟು ಕೇಳುತ್ತಿದ್ದಾರೆಂದು ತಿಳಿದು, ಕಂಪನಿ ಬಸ್ಸಿಗೆ ಟಿಕೆಟಿಲ್ಲವೆಂದು ವಿವರಿಸಿದರು.

ಕಲಂ ೬. ಸಿಹಿ

ಹೊಟ್ಟೆ ಪೂರ್ತಿ ತುಂಬಿದ ಮೇಲೂ ಸಿಹಿಗೆ ಪ್ರತ್ಯೇಕ ಜಾಗ ಇರತಕ್ಕದ್ದು. ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ ವಿವರಣೆ ಬೇಕಿಲ್ಲ.

ಕಲಂ ೭. "ಸಾಕು" ಎಂಬ ಪದದ ಮಾನ್ಯತೆ

ಊಟ ಹೊಟ್ಟೆಗಿಳಿದ ಸುದ್ದಿ ಕರುಳಿನಿಂದ ಹೊರಟು ಈ ಕಚೇರಿ ತಲುಪಿ, ಪರಿಶೀಲನೆಯಾಗಿ, "ಸಾಕು" ಎಂಬ ಆದೇಶ ಬಾಯಿಗೆ ಬರಲು ಇಪ್ಪತ್ತು ನಿಮಿಷ ಬೇಕು. ಇದು ಕಾಯಂ ವ್ಯವಸ್ಥೆ. ಆದರೆ ಕಂಪ್ಲಿಯಲ್ಲಿ ಅಕ್ಕನ ಕೈಯಿಂದ ರೊಟ್ಟಿ ತಟ್ಟೆಗೆ ಬರಲು ಇಪ್ಪತ್ತು ಕ್ಷಣವೂ ಬೇಡ.

ಪಕ್ಕೀರಪ್ಪನವರು ಪ್ರತಿ ಭಾನುವಾರ ಅಕ್ಕನನ್ನು ನೋಡಲು ಕಂಪ್ಲಿಗೆ ಹೋಗುವರು. ಹೋಗದಿದ್ದರೆ ಅನುಮಾನ. ಹೋದರೆ ಊಟ. ರೊಟ್ಟಿ ಬಡಿಯುವ ಶಕ್ತಿ ಊರಮ್ಮನವರಿಗೆ ಇಲ್ಲ. ನೆರೆಮನೆಯ ದುರ್ಗಕ್ಕ ಬಡಿದುಕೊಟ್ಟು ಹೋಗುತ್ತಿದ್ದರು. ಹಾಕುವುದನ್ನು ಮಾತ್ರ ಊರಮ್ಮನವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬುಟ್ಟಿ ಪಕ್ಕಕ್ಕೆ ಎಳೆದುಕೊಂಡು, ಗೋಡೆಗೆ ಒರಗಿ, ಹಳದಿ ಕಣ್ಣುಗಳಲ್ಲಿ ತಮ್ಮನ ತಟ್ಟೆಯನ್ನೇ ಕಾಯುವರು. ಒಂದನೆಯ "ಸಾಕು" ಮರ್ಯಾದೆಗೆ ಅಂದದ್ದು, ಪರಿಗಣಿಸತಕ್ಕದ್ದಲ್ಲ. ಎರಡನೆಯದು ನಾಚಿಕೆಯದು, ಪರಿಗಣಿಸತಕ್ಕದ್ದಲ್ಲ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಹೇಳುವ ಮೂರನೆಯದು ನಿಜವಾದದ್ದು. ಆದರೆ ಅಷ್ಟರಲ್ಲಿ ಬೆರಳ ಸಂದಿಯಿಂದ ರೊಟ್ಟಿ ಒಳಗೆ ಬಿದ್ದಿರುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದು ಒಂದು ರೊಟ್ಟಿ. ಕಂಪ್ಲಿಯಲ್ಲಿ ನಾಲ್ಕು, ಮೇಲೆ ಶೇಂಗಾ ಚಟ್ನಿ ಎಣ್ಣೆ. ಆರು ದಿನ ಭಾಗ್ಯ ಅವರು ಅಳೆದು ಅಳೆದು ಇಳಿಸಿದ್ದನ್ನು ಏಳನೆಯ ದಿನ ಅಕ್ಕ ಒಂದೇ ಊಟದಲ್ಲಿ ತುಂಬಿಸಿ ಕಳಿಸುವರು.

ಬೇಡವೆನ್ನಲು ಬಾಯಿಗೆ ಅಧಿಕಾರವಿರಲಿಲ್ಲ. ಉಲ್ಲೇಖ ೧ನ್ನು ನೋಡುವುದು. ಸದರಿಯವರಿಗೆ ಐದು ವರ್ಷವಿದ್ದಾಗ, ಮನೆಯಲ್ಲಿ ಹಿಟ್ಟು ತೀರಿದ್ದ ಒಂದು ಬೇಸಿಗೆಯಲ್ಲಿ, ಇಬ್ಬರ ನಡುವೆ ಒಂದು ರೊಟ್ಟಿ ಉಳಿದಿತ್ತು. ಹನ್ನೆರಡು ವರ್ಷದ ಊರಮ್ಮ ಅದನ್ನು ಮುರಿಯದೆ ಪೂರ್ತಿ ತಮ್ಮನ ಕೈಗಿಟ್ಟು, ತನ್ನದು ಆಗಿದೆ ಎಂದಳು. ಅಕ್ಕ ಕೊಟ್ಟದ್ದನ್ನು ಹಾಗೇ ತಿನ್ನತಕ್ಕದ್ದು ಎಂಬ ಆದೇಶ ಅಂದು ಹೊರಟದ್ದು ಇಂದಿಗೂ ಜಾರಿಯಲ್ಲಿದೆ. ಅದೇ ಹೊತ್ತಿನಲ್ಲಿ ಅಕ್ಕನ ಹೊಟ್ಟೆ ಗುರುಗುಟ್ಟಿದ್ದು ಕಿವಿಯ ದಾಖಲೆಯಲ್ಲಿದೆ. ಅದನ್ನು ಅಂದು ಯಾರೂ ವಿಚಾರಿಸಲಿಲ್ಲ.

ಟಿಪ್ಪಣಿ: ಕಂಪ್ಲಿಯ ಊರಮ್ಮನವರ ಶರೀರದಲ್ಲಿರುವ ನಮ್ಮದೇ ಸಮಾನ ಇಲಾಖೆಗೆ, ಅತ್ತ ಊಟ ಹೇಗೆ ಸಾಗಿದೆ ಎಂದು ಕೇಳಿ ಮೂರು ಪತ್ರ ಬರೆಯಲಾಗಿತ್ತು. ಎರಡು ತಿಂಗಳಿಂದ ಉತ್ತರವಿರಲಿಲ್ಲ. ಕಾಳಪ್ಪನವರು ಹೇಳುವಂತೆ ಆಕೆ ದಿನಕ್ಕೆ ಎರಡು ಚಮಚ ಗಂಜಿ ಕುಡಿದು ತಟ್ಟೆ ಸರಿಸುತ್ತಿದ್ದರು.

ಕಲಂ ೮. ಕಾಟಾ ಪ್ರಕರಣ

ಮೂರನೆಯ ವಾರ ಪಕ್ಕೀರಪ್ಪನವರಿಗೆ ತೂಕ ನೋಡಿಕೊಳ್ಳುವ ಆತುರ ಹುಟ್ಟಿತು. ದಿನಕ್ಕೆ ನೂರು ಟಿಪ್ಪರ್ ತೂಗುವ ಮನುಷ್ಯ ಆಸ್ಪತ್ರೆಯ ಆ ಅಂಗೈಯಗಲ ಯಂತ್ರವನ್ನು ನಂಬಲಿಲ್ಲ. ಗಾದಿಲಿಂಗನ ಖಾಲಿ ಟಿಪ್ಪರನ್ನು ಕಾಟಾದ ಮೇಲೆ ಹತ್ತಿಸಿದರು: ಹನ್ನೊಂದು ಸಾವಿರದ ಏಳುನೂರಾ ನಲವತ್ತು. ಆಮೇಲೆ ತಾವೂ ಕ್ಯಾಬಿನ್ ಏರಿ ಕುಳಿತರು: ಹನ್ನೊಂದು ಸಾವಿರದ ಎಂಟುನೂರಾ ಇಪ್ಪತ್ತು. ಕಳೆದರೆ ಎಂಬತ್ತು. ಬೇಕಾದದ್ದು ಎಂಬತ್ತೊಂದು. ಮೂರೇ ವಾರದಲ್ಲಿ ಗುರಿ ಮುಟ್ಟಿ ಒಂದು ಕಿಲೋ ದಾಟಿದ್ದಾಯಿತು.

ಆ ಕಾಟಾ ಇಪ್ಪತ್ತು ಕಿಲೋಗಿಂತ ಸಣ್ಣ ಲೆಕ್ಕ ತೋರಿಸುವುದಿಲ್ಲ. ಅದರ ಕಣ್ಣಿಗೆ ಪಕ್ಕೀರಪ್ಪ ಎಂದರೆ ಎಂಬತ್ತು, ಇಲ್ಲವೇ ನೂರು, ನಡುವೆ ಮನುಷ್ಯರಿಲ್ಲ. ಇಪ್ಪತ್ತೆರಡು ವರ್ಷ ಈ ಮಾತನ್ನು ಡ್ರೈವರುಗಳಿಗೆ ತಿಳಿಹೇಳಿದ್ದು ಇದೇ ಪಕ್ಕೀರಪ್ಪನವರು. ಆ ದಿನ ಅದು ನೆನಪಿಗೆ ಬಾರದಂತೆ ನೋಡಿಕೊಂಡದ್ದು ಈ ಇಲಾಖೆ. ಕಾಟಾದ ಲೆಕ್ಕವೇ ಅಂತಿಮವೆಂದು ಸ್ವೀಕರಿಸಿ, ಸಂತೋಷಾರ್ಥ ನಾಲ್ಕು ಮಿರ್ಚಿ ಮತ್ತು ಎರಡು ಪೊಟ್ಟಣ ಒಗ್ಗರಣೆಗೆ ಮಂಜೂರಾತಿ ನೀಡಲಾಯಿತು. ಗಾದಿಲಿಂಗ ಓಡಿಹೋಗಿ ತಂದ. ಅಂದು ಕಾಲು ಕುಣಿಸುವುದಕ್ಕೂ ಅರ್ಧ ಗಂಟೆ ವಿನಾಯಿತಿ ಇತ್ತು.

ಮರುದಿನ ಆಸ್ಪತ್ರೆಯ ಯಂತ್ರ ಎಂಬತ್ತಾರು ಎಂದಿತು. ಭಾಗ್ಯ ಅವರು ಹೊರಗೆ ಬೆಂಚಿನ ಮೇಲೆ ಕುಳಿತು ಆಸ್ಪತ್ರೆಯ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿದರು. ಬಸ್ಸಿನಲ್ಲಿ ಒಂದು ಮಾತು ಹೇಳಿದರು: "ಟಿಪ್ಪರ್‌ಗೆ ಸುಳ್ಳು ಹೇಳಿ ಬದುಕಬಹುದು ರೀ. ಅಕ್ಕಗ ಹೇಳಿದ್ರ ಆಕಿ ಉಳಿಯಂಗಿಲ್ಲ."

ಕಲಂ ೯. ಗೋದಾಮು ಅವ್ಯವಹಾರ

ಈ ಕಲಮನ್ನು ಬರೆಯಲು ಇಲಾಖೆಗೆ ಸಂಕೋಚವಿದೆ. ಹೊಟ್ಟೆಯ ಸುತ್ತಲಿನ ಗೋದಾಮುಗಳು ತುಂಬಿದ ಮೇಲೆ, ಮುಂದೆಂದಾದರೂ ಬರಗಾಲ ಬಂದೀತೆಂದು, ಹೆಚ್ಚುವರಿ ಕೊಬ್ಬನ್ನು ಯಕೃತ್ತಿನ ಬಲಭಾಗದಲ್ಲಿ ತಾತ್ಕಾಲಿಕವಾಗಿ ಇಳಿಸಲಾಗಿತ್ತು. ತಾತ್ಕಾಲಿಕ ಎಂದರೆ ಹನ್ನೊಂದು ವರ್ಷ. ಅಕ್ಕನಿಗೆ ಬೇಕಾಗಿದ್ದ ಜಾಗ ಅದೇ. ಅಲ್ಲಿ ತುಂಬಿದ್ದರಲ್ಲಿ ಅಕ್ಕ ಹಾಕಿದ ರೊಟ್ಟಿಯ ಪಾಲೆಷ್ಟು ಎಂದು ವಿಂಗಡಿಸಲು ಸಾಧ್ಯವಾಗಿಲ್ಲ.

ಆರನೆಯ ವಾರದ ಕೊನೆಗೆ ತೂಕ ಎಂಬತ್ತನಾಲ್ಕಕ್ಕೆ ಬಂದು ನಿಂತುಬಿಟ್ಟಿತು. ಇನ್ನೂ ಮೂರು ಕಿಲೋ ಬಾಕಿ, ಎರಡು ವಾರ ಉಳಿದಿತ್ತು. ಇಲಾಖೆಯ ಎಲ್ಲ ಶಾಖೆಗಳೂ ಪೂರ್ಣ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದವು ಎಂಬುದಕ್ಕೆ ಇದು ಸಾಕ್ಷಿ.

ಕಲಂ ೧೦. ಆರನೆಯ ಭಾನುವಾರ

ಸದರಿ ಭಾನುವಾರ ಮಧ್ಯಾಹ್ನ ಕಂಪ್ಲಿಯಲ್ಲಿ ನಾಲ್ಕನೆಯ ರೊಟ್ಟಿ ತಟ್ಟೆಗೆ ಬಿದ್ದ ಕೂಡಲೇ, ಅಲ್ಲಿಯವರೆಗೆ ತಲೆತಗ್ಗಿಸಿ ಕುಳಿತಿದ್ದ ಕಾಳಪ್ಪನವರು ಎದ್ದು ನಿಂತರು. ಮಿತಭಾಷಿಗಳು. ಅಂದು ಅವರಿಗೆ ತಡೆಯಲಾಗಲಿಲ್ಲ.

"ಹಾಕಬ್ಯಾಡ. ನೀ ಹಾಕೋ ಒಂದೊಂದು ರೊಟ್ಟಿನೂ ನಿನ್ನ ಕುತ್ತಿಗಿಗೇ ಬರಾಕತ್ತೈತಿ."

ಅಲ್ಲಿಂದ ಮುಂದೆ, ಯಾರ ಲಿವರು, ಎಷ್ಟು ಕಿಲೋ, ಎಷ್ಟು ದಿನ ಉಳಿದಿದೆ ಎಂಬುದನ್ನೆಲ್ಲ ಅವರು ನಿಂತಲ್ಲೇ ಹೇಳಿ ಮುಗಿಸಿ, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಪಕ್ಕೀರಪ್ಪನವರ ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು. ನುಂಗಬೇಕೋ ಬೇಡವೋ ಎಂದು ಈ ಕಚೇರಿಯಿಂದ ಯಾವ ನಿರ್ದೇಶನವೂ ಹೋಗಲಿಲ್ಲ.

ಊರಮ್ಮನವರು ಎಷ್ಟು ವಾರದಿಂದ ಹೀಗೆ ನಡೆದಿದೆ ಎಂದು ಕೇಳಿದರು. ಆರು ಎಂದು ಉತ್ತರ ಹೋಯಿತು.

"ಆರು ವಾರ ನನ್ನ ಮುಂದ ಕುಂತು ಉಂಡಿ. ಬಾಯಿ ಇದ್ದಿಲ್ಲೇನಲೇ ನಿನಗ?"

"ಹೇಳಿದ್ರ ನೀ ಒಲ್ಲೆ ಅಂತಿದ್ದಿ."

"ಈಗ್ಲೂ ಒಲ್ಲೆ. ನಿನ್ನ ಹೊಟ್ಟಿ ಕೊಯ್ಸಿ ನಾ ಉಳೀಬೇಕಾ? ನನಗ ಬ್ಯಾಡ."

ಪಕ್ಕೀರಪ್ಪನವರು ತುತ್ತನ್ನು ಸ್ವಂತ ಜವಾಬ್ದಾರಿಯ ಮೇಲೆ ನುಂಗಿದರು. ನಂತರ ಹೇಳಿದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

"ಬ್ಯಾಡ ಅನ್ನು ಅಕ್ಕ, ಎಷ್ಟು ಸಲ ಬೇಕಾದ್ರೂ ಅನ್ನು. ನಾ ಹುಟ್ಟಿದಾಗಿಂದ ನಿನ್ನ ಮುಂದ ಸಾಕು ಅಂದಿದ್ದಕ್ಕ ಲೆಕ್ಕಿಲ್ಲ. ಒಂದರ ಸಲ ಕೇಳಿಯೇನು? ಈಗ ಹಾಕೋನು ನಾನು. ನಾನೂ ಕೇಳಂಗಿಲ್ಲ."

ಊರಮ್ಮನವರು ತಮ್ಮನ ಮುಖ ನೋಡಿದರು, ಆಮೇಲೆ ಹೊಟ್ಟೆ ನೋಡಿದರು. ಹೊರಗೆ ಕಾಳಪ್ಪನವರು ಚಪ್ಪಲಿ ಮೆಟ್ಟಿದ್ದರೂ ಎಲ್ಲೂ ಹೋಗದೆ ಕಟ್ಟೆಯ ಮೇಲೆ ಕುಳಿತಿದ್ದುದು ಬಾಗಿಲಲ್ಲಿ ಕಾಣುತ್ತಿತ್ತು. ಊರಮ್ಮನವರು ಕೈ ಚಾಚಿ, ತಟ್ಟೆಗೆ ಬಿದ್ದ ರೊಟ್ಟಿ ಎಂಜಲು, ಅದನ್ನು ಬುಟ್ಟಿಗೆ ಹಾಕಬಾರದು ಎಂಬ ತಾವೇ ಕಲಿಸಿದ ಪಾಠವನ್ನು ಲೆಕ್ಕಿಸದೆ, ನಾಲ್ಕನೆಯ ರೊಟ್ಟಿಯನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡರು. ಮೂರನೆಯದರಲ್ಲಿ ಉಳಿದಿದ್ದ ಚೂರನ್ನೂ ಎತ್ತಿದರು. ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದರು.

"ಸಾಕು. ಏಳು, ಕೈ ತೊಳಕೋ."

ಆ ಬಾಯಿಂದ ಆ ಪದ ಹೊರಟ ದಾಖಲೆ ಈ ಕಚೇರಿಯಲ್ಲಿ ಇಲ್ಲ. ಹಳೆಯದೆಲ್ಲ ತೆಗೆದು ಹುಡುಕಲಾಯಿತು. ಎಲ್ಲೂ ಇಲ್ಲ. ಐದನೇ ವಯಸ್ಸಿನ ಕಾಯಂ ಆದೇಶವನ್ನು ಹೊರಡಿಸಿದವರೇ ಹಿಂಪಡೆದಿರುವುದರಿಂದ ಇಲಾಖೆಗೆ ನಿಲ್ಲಲು ನೆಲವಿಲ್ಲದಂತಾಯಿತು.

ಕಲಂ ೧೧. ರದ್ದತಿ

ಮೇಲ್ಕಂಡ ಕಾರಣದಿಂದ ಕಲಂ ೧ರಿಂದ ೫ ಹಾಗೂ ೭ನ್ನು ರದ್ದುಪಡಿಸಲಾಗಿದೆ. (ಕಲಂ ೬ನ್ನು ರದ್ದುಪಡಿಸುವ ಅಧಿಕಾರ ಯಾರಿಗೂ ಇಲ್ಲ.) ರದ್ದತಿಯ ಸುದ್ದಿ ಕೆಳಹಂತದ ಸಿಬ್ಬಂದಿಗೆ ತಲುಪಲಿಲ್ಲ, ಬರಗಾಲ ಒಮ್ಮೆ ಘೋಷಿಸಿದರೆ ವಾಪಸು ಪಡೆಯುವ ನಮೂನೆಯೇ ಈ ಇಲಾಖೆಯಲ್ಲಿಲ್ಲ. ಹೊಟ್ಟೆ ಮೊದಲಿನಂತೆಯೇ ಹತ್ತೂ ಇಪ್ಪತ್ತಕ್ಕೆ ಅರ್ಜಿ ಹಾಕಿತು, ಮೂಗು ಮೂರು ಕಿಲೋಮೀಟರು ದುಡಿಯಿತು, ಮಂಕಿ ಟೋಪಿ ತಲೆಯ ಮೇಲೇ ಇತ್ತು. ಹಸಿವು ಕಡಿಮೆಯಾಗಲಿಲ್ಲ. ಪಕ್ಕೀರಪ್ಪನವರು ಹಸಿದುಕೊಂಡೇ ಇದ್ದರು.

ಬದಲಾದದ್ದು ಒಂದೇ. ದಿನವೂ ಹತ್ತೂ ಇಪ್ಪತ್ತಕ್ಕೆ ಕಂಪ್ಲಿಯಿಂದ ಕಾಟಾಕ್ಕೆ ಫೋನು ಬರತೊಡಗಿತು. ಏನು ತಿಂದೆ ಎಂದು ಅಕ್ಕ ಕೇಳುವರು. ತಮ್ಮ ಹೇಳುವನು. ಸುಳ್ಳು ಹೇಳಿದರೆ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಹಾಗೇ ಗಾದಿಲಿಂಗನಿಗೆ ಫೋನು ಕೊಡಲು ಹೇಳಿ, ಮಿರ್ಚಿ ತಂದರೆ ಕಾಲು ಮುರಿಯುವುದಾಗಿ ಎದ್ದು ನಿಲ್ಲಲೂ ಆಗದ ಆ ಹೆಂಗಸು ತಿಳಿಸಿದ್ದರಿಂದ, ಗಾದಿಲಿಂಗ ಎರಡು ವಾರ ಬೇರೆ ಕಾಟಾದಲ್ಲಿ ತೂಕ ಹಾಕಿಸಿದ್ದಾನೆ. ಏಳನೆಯ ಭಾನುವಾರ ಕಂಪ್ಲಿಯಲ್ಲಿ ತಟ್ಟೆಗೆ ಬಂದದ್ದು ಒಂದು ರೊಟ್ಟಿ, ಒಂದು ಬಟ್ಟಲು ಸೊಪ್ಪು. ಹಾಕುವಾಗ ಆಕೆಯ ಕೈ ಬುಟ್ಟಿಗೆ ಎರಡು ಸಲ ಹೋಗಿ ಬರಿದೇ ಹಿಂತಿರುಗಿದ್ದನ್ನು ಕಣ್ಣುಗಳು ವರದಿ ಮಾಡಿವೆ.

ಎಂಟನೆಯ ವಾರ ಆಸ್ಪತ್ರೆಯ ಯಂತ್ರ ಎಂಬತ್ತೊಂದು ತೋರಿಸಿತು. ಭಾಗ್ಯ ಅವರು ಇಳಿಯಲು ಹೇಳಿ, ಮತ್ತೆ ಹತ್ತಿಸಿ, ಇನ್ನೊಮ್ಮೆ ನೋಡಿದರು. ಲಿವರಿನ ಚಿತ್ರ ತೆಗೆದ ಡಾಕ್ಟರು, ಕೊಬ್ಬು ಕರಗಿದೆ, ನಡೆಯುತ್ತದೆ ಎಂದರು.

ಕಲಂ ೧೨. ವರ್ಗಾವಣೆ

ಯಕೃತ್ತಿನ ಬಲಭಾಗ, ಸೇವಾವಧಿ ನಲವತ್ತಾರು ವರ್ಷ, ಇವರನ್ನು ಮಲಪನಗುಡಿಯ ಪಕ್ಕೀರಪ್ಪನವರ ಶರೀರದಿಂದ ಕಂಪ್ಲಿಯ ಊರಮ್ಮನವರ ಶರೀರಕ್ಕೆ ಕಾಯಂ ಆಗಿ ವರ್ಗಾಯಿಸಿದೆ. ಇದು ಕೋರಿಕೆಯ ವರ್ಗಾವಣೆಯಾದ್ದರಿಂದ ಪ್ರಯಾಣ ಭತ್ಯೆ ಇರುವುದಿಲ್ಲ. ದೂರವೂ ಎರಡು ಕೋಣೆಗಳ ನಡುವಿನ ಪಡಸಾಲೆ ಮಾತ್ರ. ತೆರವಾದ ಜಾಗಕ್ಕೆ ಹೊಸಬರನ್ನು ನೇಮಿಸತಕ್ಕದ್ದಿಲ್ಲ. ಉಳಿದ ಎಡಭಾಗವೇ ಬೆಳೆದು ತುಂಬಿಕೊಳ್ಳುವುದು. ಬೆಳೆಯುವವರೆಗೆ ಯಾವ ಶಾಖೆಯೂ ಅದರ ಮೇಲೆ ಸಾಮಾನು ಇಳಿಸಕೂಡದು, ತಾತ್ಕಾಲಿಕವಾಗಿಯೂ.

ಇದನ್ನು ಕೇಳಿಸಿಕೊಂಡ ಅಂಗಗಳು ಕೇಳಿಸಿಕೊಂಡೆವೆಂದು ಒಮ್ಮೆ ಮಿಸುಕಿ ತಿಳಿಸುವುದು. ಹೊಲಿಗೆ ಹಾಕಿದ ಕಡೆಯವರು ಮಿಸುಕಬೇಕಿಲ್ಲ.

ಹೆಬ್ಬೆಟ್ಟಿನ ಗುರುತು
(ಓದಿ ಹೇಳಿಸಿ, ಸರಿಯಿದೆ ಎಂದು ಒಪ್ಪಲಾಗಿದೆ)
ಹಿರಿಯ ಉಸ್ತುವಾರಿ
ಹಸಿವು, ತೃಪ್ತಿ ಮತ್ತು ಕೊಬ್ಬು ದಾಸ್ತಾನು ಇಲಾಖೆ

ಸ್ಥಳ: ಆಸ್ಪತ್ರೆಯ ಮೂರನೆಯ ಮಹಡಿ, ಕಿಟಕಿ ಪಕ್ಕದ ಮಂಚ
ದಿನಾಂಕ: ಮಾರ್ಚ್ ಮುಗಿದ ಮೇಲಿನ ಮೊದಲ ಶನಿವಾರ

ಪ್ರತಿಗಳು:

೧. ಹೊಟ್ಟೆ: ಅರ್ಜಿಗಳನ್ನು ತಿಂಗಳ ಮಟ್ಟಿಗೆ ಮೆಲುದನಿಯಲ್ಲಿ ಸಲ್ಲಿಸುವ ಸೂಚನೆಯೊಂದಿಗೆ.

೨. ಕೊಬ್ಬು ಶಾಖೆ: ಹದಿನೈದು ವರ್ಷದ ಪತ್ರಗಳನ್ನು ಈಗ ಒಂದೊಂದಾಗಿ ಓದಿಸಿಕೊಳ್ಳಲಾಗುತ್ತಿದೆ, ಎಲ್ಲದರಲ್ಲೂ ಒಂದೇ ವಿಷಯವಿರುವುದು ಗಮನಕ್ಕೆ ಬಂದಿದೆ.

೩. ಕಾಲುಗಳು: ಕುಣಿಸಲು ಅನುಮತಿ ಇದೆ. ಹೊಲಿಗೆ ಬಿಚ್ಚಿದ ಮೇಲೆ.

೪. ಶ್ರೀಮತಿ ಭಾಗ್ಯ: ಬೆಂಚಿನಿಂದ ಎದ್ದು ಏನಾದರೂ ತಿನ್ನುವಂತೆ ಕೋರಿ. ಅವರ ಇಲಾಖೆಯಿಂದ ಎಂಟು ವಾರದಿಂದ ಬಂದ ಅರ್ಜಿಗಳನ್ನು ಯಾರೂ ಗಮನಿಸಿರುವುದಿಲ್ಲ.

೫. ಕಂಪ್ಲಿಯ ಊರಮ್ಮನವರ ಶರೀರದ ಸಮಾನ ಇಲಾಖೆ: ಮೂರು ಪತ್ರಗಳಿಗೂ ಒಟ್ಟಿಗೆ ನಿನ್ನೆ ಮಧ್ಯಾಹ್ನ ಉತ್ತರ ಬಂದಿದೆ. ಒಂದೇ ಸಾಲಿದೆ: "ಹಸಿವಾಗಾಕತ್ತೈತಿ, ಏನರ ಕಳಸ್ರಿ."

೬. ಯಕೃತ್ತಿನ ಬಲಭಾಗ: ಪ್ರತಿಯನ್ನು ಕೈಗೆ ಕೊಡಲಾಗಲಿಲ್ಲ. ಮಾರ್ಚ್ ತಿಂಗಳ ನಾಲ್ಕನೆಯ ಗುರುವಾರ, ಬೆಳಿಗ್ಗೆ ಹನ್ನೊಂದೂ ಕಾಲಿಗೆ, ಸದರಿಯವರು ಹೊರಟು ಹೋದರು.